ಎಡಕ್ಕೆ ಎಳೆದ ವಿಮಾನ

ನಾನು ಮೊದಲ ಸಲ ವಿಮಾನ ಹತ್ತಿದ್ದು 1983ರಲ್ಲಿ, ನನ್ನ ಅತ್ತೆಯ ಜೊತೆ. ನಮ್ಮದು ವೈಟ್‌ಫೀಲ್ಡ್ ಹತ್ತಿರದ ಹಳ್ಳಿ. ಇಳಿಯುವ ವಿಮಾನಗಳು ನಮ್ಮ ರಾಗಿ ಹೊಲದ ಮೇಲೆಯೇ ಹೋಗುತ್ತಿದ್ದವು. "ಸಾಯೋದ್ರೊಳ್ಗೆ ಒಂದ್ಸಲ ಅದ್ರಾಗೆ ಕುಂತು ನಮ್ಮ ಹೊಲ ನೋಡ್ಬೇಕು" ಎನ್ನುವುದು ಅತ್ತೆಯ ಆಸೆ. ಬೊಂಬಾಯಿಯಲ್ಲಿದ್ದ ನಾದಿನಿಯ ಬಾಣಂತನ ಮುಗಿಸಿ ಹೊರಟಾಗ, ಅವಳ ಗಂಡ ನಮ್ಮಿಬ್ಬರಿಗೂ ವಿಮಾನದ ಟಿಕೆಟ್ ತೆಗೆಸಿಕೊಟ್ಟರು.

ಬೆಂಗಳೂರು ಹತ್ತಿರವಾಗುತ್ತಿದ್ದಂತೆ ಅತ್ತೆ ಕಿಟಕಿಗೆ ಮೂಗು ಒತ್ತಿ ಕೂತರು. ವರ್ತೂರು ಕೆರೆ ಕಂಡಿತು. "ಅಗಳೋ, ನಮ್ಮೊಲ!" ಎಂದು ಅವರು ಕೂಗುವಷ್ಟರಲ್ಲಿ ವಿಮಾನ ಒಮ್ಮೆಲೇ ಎಡಕ್ಕೆ ವಾಲಿತು. ನೇರವಾಯಿತು, ಮತ್ತೆ ವಾಲಿತು. ಆಮೇಲೆ ಭೋರೆಂದು ಸದ್ದು ಮಾಡುತ್ತಾ, ಇಳಿಯುವುದು ಬಿಟ್ಟು ಮೇಲಕ್ಕೇ ಏರಿತು. ನಾನು "ಅಯ್ಯೋ ಅಮ್ಮಾ" ಎಂದು ಚೀರಿ ಅತ್ತೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಲ್ಲಿಯವರೆಗೆ ಅವರೆದುರು ಕುರ್ಚಿಯಲ್ಲೂ ಕೂತವಳಲ್ಲ ನಾನು.

ಸ್ವಲ್ಪ ಹೊತ್ತಿಗೆ ಪೈಲಟ್ ಇಂಗ್ಲಿಷಿನಲ್ಲಿ ಹೇಳಿದ್ದು, ಹೈಸ್ಕೂಲು ಓದಿದ್ದ ನನಗೆ ಅಷ್ಟಿಷ್ಟು ತಿಳಿಯಿತು.

"ಏನಂತೆ?" ಅತ್ತೆ ಕೇಳಿದರು.

"ತಾನಾಗೇ ಇಳಿಸೋ ಮಿಷಿನ್ ಸರಿಯಿಲ್ವಂತೆ ಅತ್ತೆ. ಒಂದು ಸುತ್ತು ಬಂದು ಪೈಲಟ್ಟೇ ಕೈಯಲ್ಲಿ ಇಳಿಸ್ತಾರಂತೆ."

"ಇಷ್ಟೊತ್ತು ಅವ್ನು ಏನ್ಮಾಡ್ತಿದ್ದ?"

"ನೋಡ್ಕೋತಿದ್ರು."

"ನೋಡ್ಕಂಡ್ ಕುಂತಿದ್ನಾ! ಅಂಗಾದ್ರೆ ಬೊಂಬಾಯಿಂದ ಇಲ್ಲೀಗಂಟ ನಮ್ಮುನ್ನ ಕರ್ಕಂಡ್ ಬಂದೋರು ಯಾರೇ?"

ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದವರೊಬ್ಬರು ಜಪ ಬಿಟ್ಟು ನಕ್ಕುಬಿಟ್ಟರು. ಅವರು ಪಕ್ಕದವರಿಗೆ ಹೇಳಿದರು, ಅವರು ಹಿಂದಿನವರಿಗೆ. ಬಿಳಿಚಿಕೊಂಡಿದ್ದ ಮುಖಗಳಲ್ಲೆಲ್ಲ ನಗು ಹರಡಿತು. ಅತ್ತೆ ಮಾತ್ರ ನಗಲಿಲ್ಲ. ನನ್ನ ತಲೆ ಸವರುತ್ತಾ, "ಸುಮ್ಕಿರು ಮಗ, ಒಳ್ಳೇದೇ ಆಯ್ತು. ಇನ್ನೊಂದ್ಸಲ ಒಲ ಕಾಣ್ತದೆ" ಎಂದರು.

ಎರಡನೇ ಸಲ ವಿಮಾನ ನೆಟ್ಟಗೆ ಬಂದು ಮೆತ್ತಗೆ ಇಳಿಯಿತು. ಬಾಗಿಲ ಬಳಿ ಪೈಲಟ್ ನಿಂತಿದ್ದರು. ಅತ್ತೆ ಅಲ್ಲೇ ನಿಂತುಬಿಟ್ಟರು.

"ಏನಪ್ಪಾ, ಏನಾಗಿತ್ತು ಅದುಕ್ಕೆ?"

ಪುಣ್ಯಕ್ಕೆ ಅವರಿಗೆ ಕನ್ನಡ ಬರುತ್ತಿತ್ತು. "ದಾರಿ ಬಿಟ್ಟು ಎಡಕ್ಕೆ ಎಳೀತಿತ್ತಮ್ಮ. ಅದಕ್ಕೇ ಆ ಮಿಷಿನ್ ಆಫ್ ಮಾಡಿ ನಾನೇ ಹಿಡ್ಕೊಂಡೆ."

"ನಮ್ಮ ಒಂದೆತ್ತೂ ಇಂಗೇಯ, ಎಡಕ್ಕೇ ಎಳೀತದೆ. ಅಂತಾವುಕ್ಕೆ ಅಗ್ಗ ಸಡ್ಲ ಬಿಡ್ಬಾರ್ದು ಕಣಪ್ಪ."

"ಬಿಡಲ್ಲಮ್ಮ" ಎಂದು ಅವರು ಕೈ ಮುಗಿದರು. ಹಿಂದೆ ಇಳಿಯಲು ನಿಂತವರು ಮತ್ತೆ ನಕ್ಕರು. ನನಗೆ ನಾಚಿಕೆಯಾಗಿ ಅತ್ತೆಯ ಕೈ ಹಿಡಿದು ಎಳೆದೆ.

ಸಂಜೆ ನಮ್ಮ ಜಗುಲಿ ತುಂಬಾ ಜನ. "ಮಿಷಿನ್ನು ಕೆಟ್ಟೋಗಿತ್ತು. ಇಂಗಿಂಗೆ ಇಳ್ಸಪ್ಪಾ ಅಂತ ಡ್ರೈವರಿಗೆ ನಾನೇ ಹೇಳ್ದೆ" ಎಂದು ಅತ್ತೆ ಕತೆ ಶುರುಮಾಡಿದರು. ಎಲ್ಲರೂ ನನ್ನ ಮುಖ ನೋಡಿದರು. "ಹೌದು" ಎಂದೆ.

ಸಾರಿಗೆ ಉಪ್ಪು ಜಾಸ್ತಿಯಾದರೂ ಬೀದಿಗೆಲ್ಲ ಸಾರುತ್ತಿದ್ದ ಅತ್ತೆ, ನಾನು ಚೀರಿ ಅವರ ಸೆರಗು ಸೇರಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ, ನನ್ನ ಗಂಡನಿಗೂ. ಅವರು ಹೋಗಿ ವರ್ಷಗಳಾದವು. ಇವತ್ತು ನಾನೇ ಹೇಳುತ್ತಿದ್ದೇನೆ.