ಗಾಡಿಯ ಕೆಳಗೆ ಹಾಸಿದ ಕೌದಿ

ಅಕ್ಕನ ಬೆನ್ನಿಗೆ ಒಗ್ಗುವ ಗಾಡಿ ನೋಡಿಕೊಂಡು ಬರಲು ನಾನು ಹೋಗಿದ್ದೆ. ಟಾಯರು ನೋಡಿದೆ, ಚಾಸಿ ನೋಡಿದೆ, ಹಾರ್ನು ಬಾರಿಸಿ ನೋಡಿದೆ. ಅಕ್ಕನ ಬೆನ್ನೊಂದನ್ನು ನೋಡಲಿಲ್ಲ. ಆಕೆ ಹೇಳಿದ ರೀತಿಯಲ್ಲಿ ಸೀಟಿನ ಮೇಲೆ ಒಮ್ಮೆ ಕುಳಿತು ಬರಬೇಕಿತ್ತು. ಅಷ್ಟೇ ಕೆಲಸ, ಅದೊಂದನ್ನೇ ಮಾಡಲಿಲ್ಲ.

ಅಕ್ಕ ಒಂದು ಬೀಜದ ಕಂಪನಿಗಾಗಿ ಬೀಜದ ಹೊಲಗಳನ್ನು ನೋಡಿಕೊಳ್ಳುವಾಕೆ. ನಮ್ಮ ಹಿರೇಕೆರೂರಿನ ಸುತ್ತ ಕೆಲವರು ಬೀಜಕ್ಕೆಂದೇ ಹತ್ತಿ ಬೆಳೆಯುತ್ತಾರೆ. ಹೆಣ್ಣಾಳುಗಳು ಸಂಜೆ ಮೊಗ್ಗು ಸುಲಿದು ಬಿಟ್ಟು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಅದಕ್ಕೆ ಮುಟ್ಟಿಸುತ್ತಾರೆ. ಅದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಅದು ಸರಿಯಾಗಿ ನಡೆದಿದೆಯೋ ಇಲ್ಲವೋ ಎಂದು ಹೊಲದಿಂದ ಹೊಲಕ್ಕೆ ತಿರುಗಿ ನೋಡುವುದು ಅಕ್ಕನ ಕೆಲಸ. ಮದುವೆ ಬೇಡವೆಂದು ಉಳಿದ ಆಕೆಗೆ ಆ ಕೆಲಸವೇ ಸಂಸಾರ, ಅದೇ ಮಾನ. ಸ್ಕೂಟರಿನ ಮೇಲೆ ವರ್ಷಗಟ್ಟಲೆ ಕುಪ್ಪಳಿಸಿ ಬೆನ್ನಿನ ಡಿಸ್ಕ್ ಸರಿಯಿತು. ನೋವು ಸೊಂಟದಿಂದ ಎಡಗಾಲಿನ ಹಿಮ್ಮಡಿಯ ತನಕ ಇಳಿಯುತ್ತಿತ್ತು. ಸ್ಕೂಟರು ಮುಟ್ಟಬೇಡಿ ಎಂದರು ಡಾಕ್ಟರು. ಮಳೆಗಾಲದಲ್ಲಿ ಎರೆಹೊಲದ ಕಪ್ಪು ಅಂಟುಮಣ್ಣಿನ ದಾರಿ ಸಾದಾ ಕಾರನ್ನು ನುಂಗುತ್ತದೆ. ಹಾಗಾಗಿ ನಾಲ್ಕೂ ಗಾಲಿ ಎಳೆಯುವ ಹಳೆಯ ಗಾಡಿ ಬೇಕಾಯಿತು. ತಕ್ಕ ಗಾಡಿ ಸಿಕ್ಕರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಟ್ರ್ಯಾಕ್ಟರ್ ಹತ್ತಿದವನು. ಟ್ರ್ಯಾಕ್ಟರ್ ಹತ್ತಿದವರಿಗೆ ಬರುವ ರೋಗ ನನಗೂ ಬಂದಿತ್ತು. ಗಾಲಿ ಇರುವುದೆಲ್ಲ ತನಗೆ ಗೊತ್ತು ಎನ್ನುವ ರೋಗ.

ನಮ್ಮ ಕಡೆ ಗಾಡಿ ನೋಡಲು ಹೋಗುವುದೆಂದರೆ ಕನ್ಯಾ ನೋಡಲು ಹೋದಂತೆ. ಗಂಡಸರೇ ಹೋಗಬೇಕು. ಗಾಲಿಗೆ ಒದೆಯಬೇಕು, ಬಾನೆಟ್ ಎತ್ತಿ ಹುಬ್ಬು ಗಂಟಿಕ್ಕಬೇಕು, ಚಹಾ ಕುಡಿದು, "ಮನ್ಯಾಗ ಕೇಳಿ ಹೇಳ್ತೇವಿ" ಎನ್ನಬೇಕು. ಮನೆಯಲ್ಲಿ ಯಾರನ್ನೂ ಕೇಳುವುದಿಲ್ಲ.

"ನಾನೂ ಬರ್ತೇನಿ. ಒಮ್ಮೆ ಕುಂತು ನೋಡ್ತೇನಿ," ಎಂದಳು ಅಕ್ಕ.

"ಗಾಡಿ ನೋಡಾಕ ಹೆಣ್ಮಕ್ಕಳು ಎಲ್ಲೆರ ಬರ್ತಾರೇನ ಅಕ್ಕ? ದಲಾಲಿ ನಗ್ತಾನ."

"ಅಂವ ನಕ್ಕರ ನನ್ನ ಬೆನ್ನೇನ ನೋಯಂಗಿಲ್ಲಲೇ."

ನಾನು ಒಪ್ಪಲಿಲ್ಲ. ಆಗ ಆಕೆ ಅವ್ವ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ತಂದು ಮಡಿಸಿ ನನ್ನ ಕೈಯಲ್ಲಿಟ್ಟಳು. ಆಕೆ ಎಲ್ಲಿ ಕುಳಿತರೂ ಅದರ ಮೇಲೆಯೇ ಕುಳಿತುಕೊಳ್ಳುತ್ತಿದ್ದಳು.

"ಇದನ್ನ ಸೀಟಿನ ಮ್ಯಾಲ ಹಾಕಿ ಕುಂದರು. ಮೊಣಕಾಲು ಸೊಂಟಕ್ಕಿಂತ ಮ್ಯಾಲ ಬರಬಾರ್ದು. ಹತ್ತುವಾಗ ಮೈ ತಿರುವಬಾರ್ದು. ಕ್ಲಚ್ ಹಗರ ಇರಬೇಕು. ಕಲ್ಲಿನ ದಾರ್ಯಾಗ ಒಮ್ಮೆ ಓಡಿಸಿ ನೋಡು. ತಿಳೀತೇನ?"

"ತಿಳೀತ ಬಿಡು," ಎಂದು ಕೌದಿಯನ್ನು ಹೆಗಲಿಗೆ ಎಸೆದುಕೊಂಡೆ.

ನನ್ನ ಜೊತೆಗೆ ಒಬ್ಬ ಗೆಳೆಯ ಬಂದ. ಅವನ ಸ್ವಂತ ಗಾಡಿ ಎಂದರೆ ಒಂದು ಸೈಕಲ್ಲು, ಅದೂ ತಮ್ಮನದು. ಆದರೂ ಗಾಡಿಗಳ ಬಗ್ಗೆ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಇಂಥವರನ್ನು ಕರೆದುಕೊಂಡು ಹೋಗುವವನು ಅವರಿಗಿಂತ ದಡ್ಡ. ಅದು ನಾನು.

ಮೊದಲು ಸವಣೂರಿಗೆ ಹೋದೆವು. ನಿವೃತ್ತ ಮಾಸ್ತರರೊಬ್ಬರ ಗಾಡಿ, ನಾಲ್ಕೂ ಗಾಲಿ ಎಳೆಯುವಂಥದೇ, ಬೂದಿ ಬಣ್ಣದ್ದು. ಬಾಗಿಲು ಅಗಲ, ಹತ್ತಲು ಕೆಳಗೊಂದು ಮೆಟ್ಟಿಲು. ಸೀಟು ನೇರವಾಗಿತ್ತು. ನಾನು ಹತ್ತಿದ್ದೂ ಗೊತ್ತಾಗಲಿಲ್ಲ, ಕುಳಿತಿದ್ದೂ ಗೊತ್ತಾಗಲಿಲ್ಲ. ಮಾಸ್ತರರು ಕೆರೆಯ ಕಡೆಯ ಕಲ್ಲು ದಾರಿಯಲ್ಲಿ ಓಡಿಸಿ ತೋರಿಸಿದರು. ಹೊಟ್ಟೆಯಲ್ಲಿನ ಚಹಾ ಸಹ ಅಲುಗಲಿಲ್ಲ.

"ನಮ್ಮ ಮನಿಯಾಕಿಗೆ ಸೊಂಟದ ತ್ರಾಸ ಐತ್ರಿ. ಆಕೀ ಸಲುವಾಗೇ ಇದನ್ನ ಹುಡುಕಿ ತಂದಿದ್ದೆ. ಈಗ ಮಗಳ ಊರಿಗೆ ಹೊಂಟೇವಿ, ಅದಕ್ಕ ಕೊಡಾಕತ್ತೇನಿ," ಎಂದರು.

ಇದಕ್ಕಿಂತ ಸ್ಪಷ್ಟವಾಗಿ ದೇವರೂ ಹೇಳಲಾರ. ಆದರೆ ಗೆಳೆಯ ನನ್ನ ಕಿವಿಯಲ್ಲಿ, "ಇದು ಗಾಡಿ ಅಲ್ಲಪಾ, ತಹಶೀಲ್ದಾರ ಆಫೀಸಿನ ಕುರ್ಚಿ," ಎಂದ. ನಾನು ನಕ್ಕೆ. ಸಂತೆಯಲ್ಲಿ ಈ ಬೂದಿ ಡಬ್ಬಿ ನಿಲ್ಲಿಸಿದರೆ ಯಾರು ತಿರುಗಿ ನೋಡುತ್ತಾರೆ ಎನಿಸಿತು. ಸವಣೂರಿನ ಖಾರಾ ಕಟ್ಟಿಸಿಕೊಂಡು ಬಸ್ಸು ಹತ್ತಿದೆವು. ಅಕ್ಕನಿಗೆ, "ಇಂಜಿನ್ ಹೋಗೈತಿ, ಹೊಗಿ ಉಗುಳ್ತೈತಿ," ಎಂದು ಹೇಳಿದೆ. ಆಕೆ ನಂಬಿದಳು. ಗಾಡಿಯ ವಿಷಯದಲ್ಲಿ ನಾನು ಸುಳ್ಳು ಹೇಳುತ್ತೇನೆ ಎಂದು ಆಕೆ ಯಾಕೆ ಅಂದುಕೊಳ್ಳಬೇಕು?

ಆಮೇಲೆ ಹಾನಗಲ್. ಅಲ್ಲಿ ಕಂಡದ್ದು ಕರಿ ಜೀಪು. ಆನೆಯ ಕಾಲಿನಂಥ ಟಾಯರು, ನೆಲದಿಂದ ಎದೆಯಷ್ಟು ಎತ್ತರ, ತಲೆಯ ಮೇಲೆ ಸಾಲುದೀಪ. ಇಂಥ ಜೀಪುಗಳು ಕೆಸರು ಕಂಡಿರುವುದಿಲ್ಲ. ಮದುವೆಯ ಮೆರವಣಿಗೆಯಲ್ಲಿ ಮುಂದೆ ಹೋಗುವುದು, ಹುಟ್ಟುಹಬ್ಬದ ಬ್ಯಾನರಿನಲ್ಲಿ ಯಾರದೋ ಹಿಂದೆ ನಿಲ್ಲುವುದು, ಇಷ್ಟೇ ಅವುಗಳ ಜನ್ಮ. ಅವುಗಳನ್ನು ಓಡಿಸುವವರ ಜನ್ಮವೂ ಅಷ್ಟೇ.

"ಹಿರೇಕೆರೂರ ಸಂತ್ಯಾಗ ಇದನ್ನ ಬಿಟ್ಟು ನೋಡ್ರಿ ಗೌಡ್ರ, ಜನ ತಾನ ದಾರಿ ಬಿಡ್ತೈತಿ," ಎಂದ ದಲಾಲಿ. ಅವನು ನನ್ನನ್ನು ಗೌಡ್ರ ಎಂದ ಕೂಡಲೇ ನನ್ನ ಬುದ್ಧಿ ಅರ್ಧ ಹೋಯಿತು.

ಉಳಿದರ್ಧ ತೋರಿಸಲು ಗಾಡಿಯ ಕೆಳಗೆ ನುಸುಳಿದೆ. ಕೆಳಗಿನಿಂದ ನೋಡಿದವನೇ ಬಲ್ಲವ ಎಂದು ನಮ್ಮಲ್ಲೊಂದು ನಂಬಿಕೆ. ಅಂಗಿ ಹೊಲಸಾಗಬಾರದೆಂದು ಅಕ್ಕನ ಕೌದಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಅಂಗಾತ ಮಲಗಿದೆ. ಅಲ್ಲಿ ನಾನು ಕಂಡದ್ದು ಏನೂ ಇಲ್ಲ. "ಹೂಂ, ಹೂಂ" ಎಂದು ಎದ್ದು ಬಂದೆ. ಗ್ರೀಸು ಕೌದಿಗೆ ಹತ್ತಿತು.

ಸೀಟು ರೇಸ್ ಕಾರಿನದು, ತೊಟ್ಟಿಯಂತೆ ಆಳ. ಕುಳಿತರೆ ಮೊಣಕಾಲು ಎದೆಯ ಹತ್ತಿರ ಬಂದವು. ಅದನ್ನು ನಾನು ಗತ್ತು ಎಂದುಕೊಂಡೆ. ಕ್ಲಚ್ ತುಳಿಯಲು ತೊಡೆಯ ಬಲವೆಲ್ಲ ಬೇಕಾಯಿತು. ಅದನ್ನು ಗಂಡಸಿನ ಗಾಡಿ ಎಂದುಕೊಂಡೆ. ಮಿರ್ಚಿ ಗಿರಮಿಟ್ ತಿಂದು ವ್ಯಾಪಾರದ ಮಾತು ಮುಗಿಸಿದೆವು.

ಜೀಪು ಮನೆಗೆ ಬಂದ ದಿನ ಓಣಿಯೆಲ್ಲ ನೆರೆಯಿತು. ಗಾಲಿಗೆ ನಿಂಬೆಹಣ್ಣು ಇಟ್ಟೆವು, ಬಾನೆಟ್ಟಿಗೆ ವಿಭೂತಿ ಬಳಿದೆವು. ಅಕ್ಕ ಹೊಸಿಲಿನಲ್ಲಿ ನಿಂತಿದ್ದಳು. ಆಕೆ ಜೀಪು ನೋಡಲಿಲ್ಲ, ಕೌದಿ ಕೇಳಿದಳು. ಬಿಡಿಸಿ ಗ್ರೀಸಿನ ಕಲೆ ನೋಡಿದಳು.

"ಇದನ್ನ ಎಲ್ಲೆ ಹಾಸಿದ್ದಿ?"

"ಕೆಳಗ. ಚಾಸಿ ನೋಡಾಕ."

"ಸೀಟಿನ ಮ್ಯಾಲ?"

ನಾನು ಗಾಲಿಯ ಕೆಳಗಿನ ನಿಂಬೆಹಣ್ಣು ಸರಿಮಾಡತೊಡಗಿದೆ.

"ಹಂಗಾರ ಚಾಸಿಗೆ ಬೆನ್ನುನೋವು ಇತ್ತೇನೋ?"

ಗೆಳೆಯ ಗೊಳ್ಳೆಂದು ನಕ್ಕ. ನಾನೂ ನಕ್ಕೆ. ಅಕ್ಕ ಕೌದಿಯನ್ನು ಒಗೆಯಲು ಹಾಕಿದಳು. ಆ ಕಲೆ ಹೋಗಲಿಲ್ಲ.

ಗಾಡಿ ಬೇಡ ಎನ್ನಲು ಆಕೆಗೆ ವೇಳೆ ಇರಲಿಲ್ಲ. ಕ್ರಾಸಿಂಗ್ ಶುರುವಾಗಿತ್ತು, ಹೂವು ಯಾರಿಗೂ ಕಾಯುವುದಿಲ್ಲ. ಆಕೆ ಒಂದು ಮಣೆ ಇಟ್ಟುಕೊಂಡು, ಅದರ ಮೇಲೆ ಕಾಲಿಟ್ಟು, ಮೈ ತಿರುವಿ, ಹಲ್ಲು ಕಚ್ಚಿ ಆ ಜೀಪು ಹತ್ತುವುದನ್ನು ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಒಗ್ಗಿಕೊಳ್ಳುತ್ತಾಳೆ ಎಂದುಕೊಳ್ಳುತ್ತಿದ್ದೆ. ನೋವು ಬೇರೆಯವರದಾದರೆ ಒಗ್ಗಿಕೊಳ್ಳುವುದು ಎಷ್ಟು ಸುಲಭ.

ಮಳೆ ಹಿಡಿದ ಒಂದು ಬೆಳಿಗ್ಗೆ ಹೊಲದಿಂದ ಫೋನು ಬಂತು. ಟ್ರ್ಯಾಕ್ಟರ್ ತೆಗೆದುಕೊಂಡು ಹೋದೆ. ಜೀಪು ಎರೆಯಲ್ಲಿ ಹುಗಿದು ನಿಂತಿತ್ತು. ನಾಲ್ಕೂ ಗಾಲಿ ಎಳೆಯುವಂತೆ ಮಾಡುವ ಲಿವರು ಕೆಳತುದಿಯಲ್ಲಿ ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಕೆಳಗೆ ಮಲಗಿ ಹೂಂಗುಟ್ಟಿದ ಪಂಡಿತನಿಗೆ ಅದು ಕಂಡಿರಲಿಲ್ಲ. ಅಕ್ಕ ಆ ತೊಟ್ಟಿಯಂಥ ಸೀಟಿನಲ್ಲಿ ಬೆವೆತು ಕುಳಿತಿದ್ದಳು. ಹೊರಳಲೂ ಆಗದು, ಇಳಿಯಲೂ ಆಗದು. ಕ್ರಾಸಿಂಗಿನ ಹೆಂಗಸರು ಕೈಗೆ ಕೈ ಹೆಣೆದು ಆಕೆಯನ್ನು ಕೂಸಿನಂತೆ ಎತ್ತಿ ಇಳಿಸಿದರು. ಅವರ ಬೆರಳಿನ ಹೂಪುಡಿ ಅಕ್ಕನ ಸೀರೆಗೆಲ್ಲ ಹತ್ತಿತು.

ಅವರಲ್ಲಿ ಹಿರಿಯಾಕೆ ಜೀಪಿನೊಳಗೆ ಇಣುಕಿ, "ಇದ್ಯಾರವ್ವಾ ನಿನಗ ಈ ಒಳ್ಳು ತಂದುಕೊಟ್ಟವ್ರು? ಒಳಗ ಹಾಕಿ ಕುಟ್ಟಾಕ ಛಲೋ ಐತಿ," ಎಂದಳು.

ಅಕ್ಕ ನನ್ನ ಕಡೆ ನೋಡದೆ, "ನಾನ ಆರಿಸಿದ್ದವ್ವ," ಎಂದಳು.

ನಾನು ಬಗ್ಗಿ ಜೀಪಿಗೆ ಟ್ರ್ಯಾಕ್ಟರಿನ ಸರಪಳಿ ಕಟ್ಟುತ್ತಿದ್ದೆ. ತಲೆ ಎತ್ತದಿರಲು ಅದೇ ನೆಪವಾಯಿತು.

ಆ ಹಂಗಾಮು ಪೂರ್ತಿ ಅಕ್ಕ ಹಾಸಿಗೆಯಲ್ಲಿ ಕಳೆದಳು. ಕಂಪನಿಯವರು ಆಕೆಯ ಹೊಲಗಳನ್ನು ಬೇರೆಯವರಿಗೆ ವಹಿಸಿದರು. ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ ನಾನು ಅದೇ ಜೀಪನ್ನು ಸಂತೆಗೆ ಓಡಿಸಿಕೊಂಡು ಹೋದೆ. ಜನ ನಿಜವಾಗಿಯೂ ದಾರಿ ಬಿಟ್ಟರು. ಆ ಹೊತ್ತು ನನಗೆ ಹಿತವೆನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವೆನಿಸಿದ್ದು ನಿಜ.

ಆಮೇಲೆ, ಅಕ್ಕ ಗೋಡೆ ಹಿಡಿದು ನಡೆಯಲು ಶುರು ಮಾಡಿದ ಮೇಲೆ, ಜೀಪು ಮಾರಿಬಿಟ್ಟೆ. ಗುಟ್ಟಾಗಿ ಒಬ್ಬನೇ ಸವಣೂರಿಗೆ ಹೋದೆ. ಮಾಸ್ತರರ ಮನೆಗೆ ಬೀಗ ಹಾಕಿತ್ತು. ಗಾಡಿ ಯಾವಾಗಲೋ ಹೋಗಿತ್ತು ಎಂದರು ಪಕ್ಕದ ಮನೆಯವರು.

ಶಿಗ್ಗಾಂವಿಯಲ್ಲೊಂದು ಗಾಡಿ ಇದೆ ಎಂದು ತಿಳಿದಾಗ ಅಕ್ಕನೇ ಹೊರಟಳು. ನಾನು ಕೌದಿ ಹಿಡಿದುಕೊಂಡು ಹಿಂದೆ ಹೋದೆ. ಆಕೆ ಟಾಯರಿಗೆ ಒದೆಯಲಿಲ್ಲ, ಬಾನೆಟ್ ಎತ್ತಿಸಲಿಲ್ಲ. ಕೌದಿ ಹಾಸಿ ಸೀಟಿನಲ್ಲಿ ಕುಳಿತು, ಬೆನ್ನು ಆನಿಸಿ ಕಣ್ಣು ಮುಚ್ಚಿದಳು. ಇಳಿದಳು, ಮತ್ತೆ ಹತ್ತಿದಳು. ಕ್ಲಚ್ ತುಳಿದು ಬಿಟ್ಟಳು, ತುಳಿದು ಬಿಟ್ಟಳು.

"ಅಕ್ಕಾರ, ಗಾಡಿ ತಗೊಳ್ಳಾಕ ಬಂದೀರೋ, ವಿಶ್ರಾಂತಿಗೋ?" ಎಂದ ಅಲ್ಲಿನ ದಲಾಲಿ.

"ಎರಡಕ್ಕೂರಿ. ಆ ಕಲ್ಲಿನ ದಾರಿಗೆ ನಡ್ರಿ, ನಾ ಓಡಿಸ್ತೇನಿ. ನಾಲ್ಕು ಗಾಲೀ ಲಿವರ ಹಾಕಿ ತೋರಿಸ್ರಿ ಮೊದಲ."

ದಲಾಲಿಯ ನಗು ದಾರಿಯಲ್ಲೇ ಉದುರಿಹೋಯಿತು. ಬಣ್ಣ ಮಾಸಿದ, ಯಾರೂ ತಿರುಗಿ ನೋಡದ ಆ ಗಾಡಿಯನ್ನು ಅಕ್ಕ ತಂದಳು.

ಮುಂದಿನ ಮಳೆಗಾಲದಲ್ಲಿ ಕೆಲವು ಹೊಲಗಳು ಆಕೆಗೆ ಮರಳಿ ಸಿಕ್ಕವು, ಎಲ್ಲವೂ ಅಲ್ಲ. ಮೊದಲ ದಿನ ನಾನೂ ಜೊತೆಗೆ ಹೋದೆ. ಅದೇ ಎರೆದಾರಿ. ಗಾಡಿ ಗೊಣಗುತ್ತ ಕೆಸರು ದಾಟಿತು. ಅಕ್ಕ ಬಾಗಿಲು ತೆರೆದು ತಾನೇ ಇಳಿದಳು. ಹೆಂಗಸರು ಹತ್ತಿಯ ಸಾಲಿನಿಂದ ತಲೆ ಎತ್ತಿ ನೋಡಿದರು.

"ಇದು ಛಲೋ ಐತಿ ನೋಡವ್ವ," ಎಂದಳು ಆ ಹಿರಿಯಾಕೆ. "ಹ್ವಾದ ವರ್ಷ ನಿನ್ನ ಬುದ್ಧಿ ಎಲ್ಲೆ ಹೋಗಿತ್ತ? ಆ ಒಳ್ಳು ಹೆಂಗ ಆರಿಸಿದಿ?"

ಅಕ್ಕ ಸೀಟಿನ ಮೇಲಿನ ಕೌದಿಯನ್ನು ಸರಿಮಾಡುತ್ತ, "ಆಗ ತಿಳೀಲಿಲ್ಲ ಬಿಡವ್ವ," ಎಂದಳು.

ಈ ಸಲ ಬಗ್ಗಲು ನನಗೆ ಸರಪಳಿ ಇರಲಿಲ್ಲ.

"ಆಕಿ ಆರಿಸಿದ್ದಲ್ಲ, ನಾ ಆರಿಸಿದ್ದು," ಎಂದೆ. ಹೆಂಗಸರ ಕೈ ಹೂವಿನ ಮೇಲೆಯೇ ನಿಂತವು. ಅಕ್ಕ ತಿರುಗಿದಳು. "ಅಕ್ಕಾ, ಸವಣೂರ ಗಾಡಿ ಇಂಜಿನ್ ಹೋಗಿರಲಿಲ್ಲ. ನಾ ಕುಂತಿದ್ದೆ ಅದರಾಗ. ಭಾಳ ಆರಾಮ ಇತ್ತು. ನೋಡಾಕ ಚಂದಿಲ್ಲಂತ ನಿನಗ ಸುಳ್ಳು ಹೇಳಿದೆ. ತಪ್ಪಾತ ಅಕ್ಕ. ನಿನ್ನ ಬೆನ್ನಿಗೆ ಅನ್ಯಾಯ ಮಾಡೇನಿ ನಾ."