ಕುರಿಯವಳ ಅಮೃತಬಳ್ಳಿ

ಬೇವಿನ ಮರದ ಅಮೃತಬಳ್ಳಿ ಬದುಕಿದ್ದು ದೇವರ ಮಹಿಮೆಯಿಂದಲ್ಲ. ಪಕ್ಕದ ಮನೆಯ ಕುರಿಯವಳ ಹಟದಿಂದ ಬದುಕಿತು. ಊರವರು ಏನಾದರೂ ಹೇಳಲಿ, ಕಣ್ಣಾರೆ ನೋಡಿದವಳು ನಾನು.

ಗೌಡಗೆರೆ ರಸ್ತೆಯಲ್ಲಿ ಪೈಪು ಹೂಳಲು ಬಂದ ಜೆಸಿಬಿ ಆ ಬಳ್ಳಿಯ ಬುಡವನ್ನೇ ಕಿತ್ತುಹಾಕಿತು. ನಮ್ಮ ಸುತ್ತಮುತ್ತ ಇದ್ದದ್ದು ಅದೊಂದೇ ಬಳ್ಳಿ. ಕುರಿಗೆ ಜ್ವರ ಬಂದರೆ ಅವಳು ಅದರ ಕಾಂಡ ಜಜ್ಜಿ ರಸ ಕುಡಿಸುತ್ತಿದ್ದಳು. ಎಲೆಯೆಲ್ಲ ಉದುರಿದಾಗ ನಾನೆಂದೆ, "ಸತ್ತೋಯ್ತು ಕಣೆ, ಎಳ್ದು ಒಲೆಗಾಕು."

ಅವಳು ಕಾಂಡವನ್ನು ಉಗುರಿನಿಂದ ಕೆರೆದು ನೋಡಿದಳು. ಒಳಗೆ ಹಸಿರಿತ್ತು. "ಸುಮ್ಕಿರಕ್ಕ, ಅದು ಉಪಾಯ ಮಾಡ್ತೈತೆ" ಎಂದಳು. ಯಾವುದಕ್ಕೂ ಅವಳದು ಅದೇ ಮಾತು.

ಬೇಸಿಗೆ ಏರಿದಂತೆ ಮರದ ಮೇಲೆ ಉಳಿದಿದ್ದ ಕಾಂಡದಿಂದ ದಾರದಂಥ ಬೇರೊಂದು ನೆಲದ ಕಡೆ ಇಳಿಯತೊಡಗಿತು. ಕಾಂಡದಲ್ಲಿ ಕೂಡಿಟ್ಟ ನೀರಿನಲ್ಲೇ ಅದು ಬೆಳೆಯುತ್ತಿತ್ತು. ಆದರೆ ಮೇಕೆಗಳು ಬಿಡಬೇಕಲ್ಲ! ಅವಳು ಕೋಲು ಹಿಡಿದು ಕಾವಲು ಕೂತಳು. ಬಾಯಿ ಹಾಕಲು ಬಂದ ತನ್ನ ಮೇಕೆಗೇ ಬಾರಿಸಿದಳು.

ಬೇರು ನೆಲ ಮುಟ್ಟಲು ಇನ್ನೊಂದು ಗೇಣಿರುವಾಗ, ಅವಳು ಮೇವಿಗಾಗಿ ಮಂದೆ ಹೊಡೆದುಕೊಂಡು ಪಾವಗಡದ ಕಡೆ ಹೊರಡಬೇಕಾಯಿತು.

"ನೀನ್ ನೋಡ್ಕಳಕ್ಕ" ಎಂದಳು.

"ನಂಗೇನ್ ಬೇರೆ ಕೆಲ್ಸ ಇಲ್ವೇನೆ? ನಿನ್ ಬಳ್ಳಿ ಕಾಯಕ್ಕೆ ನಾನೇನ್ ನಿನ್ ಆಳಾ?"

"ಎಷ್ಟಾದ್ರೂ ಬೈಕೋ, ಆದ್ರೆ ನೋಡ್ಕ" ಎಂದು ನಕ್ಕು ಹೋದಳು.

ಮರುದಿನ ಬೆಳಿಗ್ಗೆ ನನ್ನ ಮೇಕೆಗಳನ್ನು ಹಿತ್ತಲಲ್ಲಿ ಕಟ್ಟಿ, ಮಚ್ಚು ತಗೊಂಡು ಹೋಗಿ ಜಾಲಿಮುಳ್ಳು ಕಡಿದು ತಂದು, ಆ ಬೇವಿನ ಸುತ್ತ ಬೇಲಿ ಹಾಕಿದೆ.