ಕಾಣೆಯಾದ ಗೆಳತಿ, ಬ್ಯಾಡಗಿಯ ಸೀನು

ಹಾವೇರಿಯ ಮಹಾಜನರೇ, ರಾಣೆಬೆನ್ನೂರಿನ ಸಜ್ಜನರೇ, ಬ್ಯಾಡಗಿಯ ಬಂಧುಜನರೇ! ಇಂದು ನನಗೆ ಘೋರ ಅನ್ಯಾಯವಾಗಿದೆ. ಹೈಸ್ಕೂಲು ಹುಡುಗಿಯೊಬ್ಬಳು ಕಾಣೆಯಾದ ಗೆಳತಿಯನ್ನು ಹುಡುಕುವ ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ಕೊನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮಗಳು ಅದನ್ನು ಕಸಿದುಕೊಂಡು ಕಾಲೇಜಿಗೆ ಹೋದಳು. ಕೂರಲಾಗದೆ, ನಿಲ್ಲಲಾಗದೆ ಅವಳಿಗೇ ಫೋನು ಮಾಡಿದೆ.

"ಆ ಗೆಳತೀನ ಯಾರು ಮಾಯ ಮಾಡಿದ್ರು? ಲಗೂ ಹೇಳವಾ."

"ಯಾರೂ ಇಲ್ಲಪ್ಪಾ. ಒಬ್ಬಾಕಿ ಊರು ಬಿಟ್ಲು, ಇನ್ನೊಬ್ಬಾಕಿ ಮಾತು ಬಿಟ್ಲು. ನಿನಗೂ ನಿನ್ನ ಹಳೇ ದೋಸ್ತ ಬ್ಯಾಡಗಿ ಬಸು ಕಾಕಾಗೂ ಆದಂಗ. ಸುಮ್ನ ಬಸ್ ಹತ್ತಿ ಹೋಗಿ ಮಾತಾಡಿಸಿ ಬಾ."

ಈಗ ಬಸುವಿನ ಮೆಣಸಿನಕಾಯಿ ಅಂಗಡಿಯ ಎದುರು ಚಹಾ ಹಿಡಿದು ಕೂತಿದ್ದೇನೆ. ಘಾಟಿಗೆ ಎಲ್ಲರೂ ಸೀನುತ್ತಿದ್ದಾರೆ. ನಾನೊಬ್ಬ ಮೂಗು ಹಿಡಿದುಕೊಂಡಿದ್ದೇನೆ. ನನ್ನ ಸೀನಿನ ಸದ್ದು ಅವನಿಗೆ ಗುರುತಿದೆ.

ಖರೇ ಹೇಳಿಬಿಡುತ್ತೇನೆ. ಕೊನೆಯ ಅಧ್ಯಾಯ ನಿನ್ನೆಯೇ ಓದಿದ್ದೆ. 'ಹೋಗು' ಎಂದು ಯಾರಾದರೂ ಹೇಳಬೇಕಿತ್ತು.